ಪುಸ್ತಕ ಚೆನ್ನಾಗಿದೆಯಾ, ಸಿನಿಮಾ ಚೆನ್ನಾಗಿದೆಯಾ?

ನನಗೆ ತೇಜಸ್ವಿ ಪುಸ್ತಕಗಳ ಹುಚ್ಚು ಅಂತ ಗೊತ್ತಿರುವವರೆಲ್ಲ ಕೇಳುವುದು ಈ ಒಂದೇ ಪ್ರಶ್ನೆ. 2023ರಲ್ಲಿ ಅವರ ಕತೆಯ ಸಿನಿಮಾ ‘ಡೇರ್‌ಡೆವಿಲ್ ಮುಸ್ತಾಫಾ’ ಬಂದ ಮೇಲಂತೂ ಜಾಸ್ತಿಯಾಯಿತು. ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ನಾಮಕರಣದ ಮನೆಯಲ್ಲಿ, ಎಲ್ಲಾ ಕಡೆ ಇದೇ. ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸಬಹುದು.

ಎರಡೂ ಚೆನ್ನಾಗಿವೆ. ನನ್ನ ಉತ್ತರ ಇಷ್ಟೇ.

ಆದರೆ ಈ ಉತ್ತರ ಯಾರಿಗೂ ಬೇಡ. ಕಳೆದ ವರ್ಷ ಚಿಕ್ಕಮಗಳೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕನ ಗಂಡ ಕೂತಿದ್ದರು. ಎಲೆಗೆ ಕೋಸಂಬರಿ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ.

“ನೀನು ಎಲ್ಲಾ ಓದಿದೀಯಲ್ಲಮ್ಮ. ಮುಸ್ತಾಫಾ ಪುಸ್ತಕ ಚೆನ್ನಾಗಿದೆಯಾ, ಸಿನಿಮಾನಾ? ಒಂದೇ ಮಾತಲ್ಲಿ ಹೇಳು.”

“ಎರಡೂ ಚೆನ್ನಾಗಿವೆ ಭಾವ.”

“ಹಂಗೆಲ್ಲ ಜಾರ್ಕೋಬೇಡ. ಒಂದು ಹೇಳು.”

“ಅದು ಪುಸ್ತಕ ಅಲ್ಲ ಭಾವ, ಒಂದು ಕತೆ. ‘ಅಬಚೂರಿನ ಪೋಸ್ಟಾಫೀಸು’ ಅನ್ನೋ ಪುಸ್ತಕದಲ್ಲಿದೆ. ಒಂದೇ ಸಲಕ್ಕೆ ಕೂತು ಓದಿ ಮುಗಿಸಬಹುದು.”

ಅವರು ಹಪ್ಪಳ ಮುರಿದರು. “ಸಿನಿಮಾ ನೋಡಿ ಆಯ್ತಲ್ಲ. ಇನ್ನು ಓದೋದೇನೂ ಬೇಡ, ಅಲ್ವಾ?”

ನೋಡಿ, ಅಲ್ಲಿಗೆ ಬಂತು. ಓದದೇ ಇರೋದಕ್ಕೆ ನನ್ನ ಕಡೆಯಿಂದ ಒಂದು ಒಪ್ಪಿಗೆ ಬೇಕಿತ್ತು ಅವರಿಗೆ. ಬಹಳ ಜನ ಕೇಳುವುದು ಇದಕ್ಕೇ. ಇನ್ನು ಕೆಲವರಿಗೆ ಪುಸ್ತಕವೇ ಮೇಲು ಅಂತ ನನ್ನ ಬಾಯಲ್ಲಿ ಹೇಳಿಸಬೇಕು, ಆಮೇಲೆ ಡೈರೆಕ್ಟರನ್ನು ಬೈಯಬೇಕು. ಅವರ ಹತ್ತಿರ ‘ನಾಗರಹಾವು’ ಯಾವಾಗಲೂ ರೆಡಿ ಇರುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಆ ಸಿನಿಮಾ ಮಾಡಿದಾಗ ತರಾಸು ಅವರಿಗೆ ಹಿಡಿಸಲಿಲ್ಲ, ಇದು ನಾಗರಹಾವಲ್ಲ ಕೇರೆಹಾವು ಅಂದರು ಅನ್ನುವ ಮಾತು ಎಲ್ಲರಿಗೂ ಬಾಯಿಪಾಠ. ಅದನ್ನು ಹೇಳುವವರಲ್ಲಿ ಎಷ್ಟು ಜನ ಕಾದಂಬರಿ ಓದಿದ್ದಾರೆ? ಒಂದಲ್ಲ, ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ ಅದು. ತರಾಸು ಬೇಜಾರು ಮಾಡಿಕೊಂಡಿದ್ದು ನನಗೆ ಅರ್ಥವಾಗುತ್ತದೆ, ಅವರು ಬರೆದವರು. ಎರಡು ಪುಟ ತಿರುವದವರಿಗೆ ಯಾಕೆ ಅಷ್ಟು ಕೋಪ?

ಮುಸ್ತಾಫಾ ವಿಷಯದಲ್ಲಂತೂ ಈ ಪ್ರಶ್ನೆಗೆ ಜಾಗವೇ ಇಲ್ಲ. ತೇಜಸ್ವಿ ಓದುಗರು ನೂರು ಜನ ಸೇರಿ ತಮ್ಮ ದುಡ್ಡು ಹಾಕಿದ್ದರಿಂದ ಆ ಸಿನಿಮಾ ಆಯಿತು. ಶಶಾಂಕ್ ಸೋಗಾಲ್ ಡೈರೆಕ್ಟ್ ಮಾಡಿದರು. ಓದಿ ಮುಗಿಸಿದವರಿಗೆ ಓದಿದ್ದು ಸಾಕಾಗಲಿಲ್ಲ, ಅಬಚೂರಿನ ಆ ಕ್ಲಾಸ್‌ರೂಮನ್ನು ಕಣ್ಣಲ್ಲಿ ನೋಡಬೇಕು ಅನ್ನಿಸಿತು. ಕತೆಗೆ ಹುಟ್ಟಿದ ಮಗು ಅದು. ತಾಯಿ ಚೆಂದವೋ ಮಗು ಚೆಂದವೋ ಅಂತ ಯಾರಾದರೂ ಕೇಳುತ್ತಾರಾ?

ಅದೇ ಪುಸ್ತಕದಿಂದ ಇನ್ನೂ ಸಿನಿಮಾಗಳು ಬಂದಿವೆ. 1973ರಲ್ಲೇ ಎನ್. ಲಕ್ಷ್ಮೀನಾರಾಯಣ್ ‘ಅಬಚೂರಿನ ಪೋಸ್ಟಾಫೀಸು’ ಮಾಡಿದರು. ಆಮೇಲೆ ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಳ’ ಮಾಡಿದರು. ಇವೆರಡರ ನಡುವೆ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ ಬಂತು. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ತಬರ ಒಬ್ಬ ಜವಾನ. ರಿಟೈರ್ ಆಗಿದ್ದಾನೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಪೆನ್ಷನ್ ಬಂದರೆ ಆಸ್ಪತ್ರೆ. ಪೆನ್ಷನ್ ಬರುವುದಿಲ್ಲ, ಹಳೇ ತೆರಿಗೆ ವಸೂಲಿಯ ಲೆಕ್ಕ ಚುಕ್ತಾ ಆಗಿಲ್ಲ. ಕೊನೆಗೆ ತಬರ ಮಾಂಸದ ಅಂಗಡಿಗೆ ಹೋಗಿ, ನನ್ನ ಹೆಂಡತಿ ಕಾಲು ಕತ್ತರಿಸಿಕೊಡು ಅಂತ ಕಟುಕನನ್ನು ಬೇಡಿಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಕ್ಕೆ ಸ್ವರ್ಣಕಮಲ ಬಂತು.

ನಾವು ಅದನ್ನು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ನಮ್ಮದು ಶಟರ್ ಇದ್ದ ಬ್ಲಾಕ್ ಅಂಡ್ ವೈಟ್ ಟಿವಿ. ಅಪ್ಪ ಒಂದು ಆಫೀಸಿನಲ್ಲಿ ಗುಮಾಸ್ತರು. ಪೆನ್ಷನ್ ಫೈಲುಗಳು ಅವರ ಟೇಬಲ್ ಮೇಲೇ ಹಾದು ಹೋಗುತ್ತಿದ್ದವು. ಮಾಂಸದ ಅಂಗಡಿಯ ದೃಶ್ಯ ಬಂದಾಗ ಅಪ್ಪ ಎದ್ದು ಹಿತ್ತಲಿಗೆ ಹೋದರು. ನೀರಿನ ಸದ್ದು ಕೇಳಿತು. ಬಾಗಿಲಲ್ಲಿ ನಿಂತು ನೋಡಿದೆ. ತೊಟ್ಟಿಯ ಹತ್ತಿರ ಬಗ್ಗಿ ಕೈ ತೊಳೆಯುತ್ತಿದ್ದರು. ಊಟ ಮಾಡಿ ಎರಡು ಗಂಟೆ ಆಗಿತ್ತು. ಚೊಂಬು ಕೆಳಗಿಡದೆ ಮತ್ತೆ ಮತ್ತೆ ನೀರು ಹಾಕಿಕೊಳ್ಳುತ್ತಿದ್ದರು. ಸಿನಿಮಾ ಮುಗಿಯುವ ತನಕ ಒಳಗೆ ಬರಲಿಲ್ಲ.

ಮುಂದಿನ ವಾರ ನಾನು ಲೈಬ್ರರಿಯಿಂದ ಪುಸ್ತಕ ತಂದೆ. ಅಪ್ಪ ಕನ್ನಡಕ ಹಾಕಿಕೊಂಡು ರಾತ್ರಿ ಓದಿದರು. ಒಂದೇ ಸಲಕ್ಕೆ, ಎಲ್ಲೂ ಏಳದೆ. ಮುಗಿಸಿ ಹೇಳಿದ್ದು ಇಷ್ಟು: “ಆಫೀಸು ಸರಿಯಾಗಿ ಬರೆದಿದ್ದಾರೆ. ಒಂದು ಕಾಗದ ಇಲ್ಲ ಅಂದ್ರೆ ಹಿಂಗೇ ಆಗೋದು. ಯಾರೂ ಕೆಟ್ಟೋರಾಗಿರಲ್ಲ, ಫೈಲು ಮಾತ್ರ ಮುಂದಕ್ಕೆ ಹೋಗಲ್ಲ.” ಅಷ್ಟು ಹೇಳಿ ದೀಪ ಆರಿಸಿದರು. ಅಪ್ಪ ಆಮೇಲೆ ಬದಲಾದರು ಅಂತೇನೂ ಇಲ್ಲ. ಮೊದಲಿಂದಲೂ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ವಯಸ್ಸಾದವರಿಗೆ ಅರ್ಜಿ ಬರೆದುಕೊಡುತ್ತಿದ್ದರು, ಆಮೇಲೂ ಬರೆದುಕೊಟ್ಟರು.

ಸಿನಿಮಾ ನೋಡುತ್ತಾ ಎದ್ದು ಹೋದ ಮನುಷ್ಯ ಕತೆಯನ್ನು ಕೂತು ಓದಿದರು. ಯಾವುದು ಚೆನ್ನಾಗಿದೆ ಅಪ್ಪಾ ಅಂತ ಕೇಳಬೇಕು ಅನ್ನಿಸಲೇ ಇಲ್ಲ ನನಗೆ. ಎದ್ದಿದ್ದು ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ, ಈಗ ಅವರಿಲ್ಲ.

ನನ್ನನ್ನು ಜನ ಕೇಳಬೇಕಾದ ಪ್ರಶ್ನೆಯೂ ಅದೇ. ಎಲ್ಲಿ ಎದ್ದು ಹೋದೆ? ಎಲ್ಲಿ ಪುಸ್ತಕ ಮುಚ್ಚಿಟ್ಟೆ? ಆ ಭಾವನ ಮಗನೇ, ಪಿಯುಸಿ ಓದುವ ಹುಡುಗ, ಮುಸ್ತಾಫಾ ಓದಲಿಕ್ಕೆ ಅಂತ ನನ್ನ ಪುಸ್ತಕ ತೆಗೆದುಕೊಂಡು ಹೋಗಿದ್ದ. ವಾರ ಬಿಟ್ಟು ಫೋನ್ ಮಾಡಿದ. “ಚಿಕ್ಕಮ್ಮ, ತಬರನ ಕತೆ ಅರ್ಧಕ್ಕೆ ನಿಲ್ಲಿಸಿದೀನಿ. ಮುಂದೆ ಓದಲಾ, ಬೇಡ್ವಾ?” ಓದು, ಆದರೆ ರಾತ್ರಿ ಬೇಡ, ಬೆಳಗ್ಗೆ ಓದು ಅಂದೆ. ಇಂಥವನ ಜೊತೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ.

ನಾನು ಮುಚ್ಚಿಟ್ಟಿದ್ದು ಪೋಸ್ಟಾಫೀಸಿನ ಕತೆಯಲ್ಲಿ. ಅದರ ಸಿನಿಮಾ ನಾನಿನ್ನೂ ನೋಡಿಲ್ಲ, ಹೋಲಿಸುವ ಪ್ರಶ್ನೆಯೇ ಬರುವುದಿಲ್ಲ. ಬೋಬಣ್ಣನ ಮನೆಯಲ್ಲೇ ಊರಿನ ಪೋಸ್ಟಾಫೀಸು. ಬೇರೆಯವರಿಗೆ ಬಂದ ಕವರಿನೊಳಗೆ ಏನಿದೆ ಅಂತ ನೋಡುವ ಆಸೆಯನ್ನು ಅವನು ತಡೆಯಲಾರದೆ ಹೋಗುತ್ತಾನೆ. ಅಲ್ಲಿ ಮುಂದಕ್ಕೆ ಓದಲಾಗಲಿಲ್ಲ ನನಗೆ.

ನಮ್ಮೂರಿನ ಪೋಸ್ಟಾಫೀಸು ಒಂದು ಅಂಗಡಿಯ ಜಗಲಿಯಲ್ಲಿತ್ತು. ಸ್ಕೂಲಿಂದ ಬರುವಾಗ ಅಕ್ಕಪಕ್ಕದ ಮನೆಗಳ ಕಾಗದ ನಮ್ಮ ಕೈಗೇ ಕೊಡುತ್ತಿದ್ದರು. ನನಗಾಗ ಹನ್ನೊಂದು ವರ್ಷ. ಪಕ್ಕದ ಮನೆ ಅತ್ತೆಗೆ ಬಂದ ಇನ್‌ಲ್ಯಾಂಡ್ ಲೆಟರಿನ ಒಂದು ಅಂಚಿಗೆ ಗೋಂದು ಸರಿಯಾಗಿ ಹಿಡಿದಿರಲಿಲ್ಲ. ಬೆರಳು ತೂರಿಸಿ, ಬಿಸಿಲಿಗೆ ಹಿಡಿದು ಇಣುಕಿದೆ. ಬೊಂಬಾಯಿಯಲ್ಲಿದ್ದ ಮಗ ದೀಪಾವಳಿಗೆ ಬರುವುದಿಲ್ಲ ಅಂತ ಬರೆದಿದ್ದ. ಹೇಗೆ ಕೊಡುವುದು ಅಂತ ಗೊತ್ತಾಗದೆ ಕಾಗದವನ್ನು ಚೀಲದಲ್ಲೇ ಇಟ್ಟುಕೊಂಡೆ.

ಮಾರನೇ ದಿನ ಬೆಳಗ್ಗೆ ಕೊಡಲು ಹೋದಾಗ ಅತ್ತೆ ಒರಳಿನ ಮುಂದೆ ಕೂತು ಕಜ್ಜಾಯಕ್ಕೆ ಅಕ್ಕಿ ಕುಟ್ಟುತ್ತಿದ್ದರು. ಮಗನಿಗೆ ಇಷ್ಟ ಅಂತ ಎರಡು ಸೇರು ನೆನೆಹಾಕಿದ್ದರಂತೆ, ಹಿಂದಿನ ದಿನ ಸಂಜೆ.