ಹಲಸಿನ ಮೇಣ ಮತ್ತು ನಮ್ಮ ಕನ್ನಡ ಮೇಷ್ಟ್ರು

ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರಿಗಿಂತ ಮೊದಲು ಕನ್ನಡದಲ್ಲಿ ಬರೆದವನು ಹಿಂದಿ ಸೀಮೆಯ ಗೆಳೆಯ. ಎರಡು ಸಾಲು, ಅದರಲ್ಲಿ ಒತ್ತಕ್ಷರದ ತಪ್ಪುಗಳು. ಮೇಷ್ಟ್ರಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೆಳಗೆ "ಪರವಾಗಿಲ್ಲ" ಎಂದು ಬರೆಯುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ನಾವು ಓದಿದ ನವೋದಯ ಶಾಲೆ ಅಂದರೆ ಏನೆಂದು ಈಗ ಯಾರಿಗೂ ಹೇಳಬೇಕಾಗಿಲ್ಲ. ನಾನು ಸೇರಿದಾಗ ಊರವರಿಗೆ ಬಿಡಿಸಿ ಹೇಳಿ ಅಪ್ಪನಿಗೆ ಸಾಕಾಗಿತ್ತು. 1986ರ ಶಿಕ್ಷಣ ನೀತಿ, ಆಗಿನ ಸಚಿವ ಪಿ.ವಿ. ನರಸಿಂಹರಾವ್, ಮೊದಲು ಶುರುವಾದ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯ ಶಾಲೆಗಳು, ಇವೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಪ್ಪನಿಗೆ ಗೊತ್ತಿದ್ದದ್ದು ಇಷ್ಟು: ಜಿಲ್ಲೆಗೊಂದು ಶಾಲೆ, ಪರೀಕ್ಷೆ ಬರೆಸಿ ಆರಿಸಿದ 80 ಮಕ್ಕಳು, ಮುಕ್ಕಾಲು ಪಾಲು ಹಳ್ಳಿಯವರು, ಊಟ ಬಟ್ಟೆ ಪುಸ್ತಕ ಸರಕಾರದ್ದು. ಆ ವರ್ಷ ನಮ್ಮ ಹೋಬಳಿಯಿಂದ ಆಯ್ಕೆಯಾದವನು ನಾನೊಬ್ಬನೇ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಈಗ ನಾನೂ ಹೇಳುತ್ತಿರುತ್ತೇನೆ.

ಅಲ್ಲಿ ಓದಿದ ತ್ರಿಕೋನಮಿತಿ ಎಂದೋ ಮರೆತುಹೋಯಿತು. ಮರೆಯದೆ ಉಳಿದದ್ದು ಮೈಗ್ರೇಷನ್. ಒಂಬತ್ತನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳು ಹಿಂದಿ ರಾಜ್ಯದ ನವೋದಯಕ್ಕೆ ಹೋಗಬೇಕು, ಅಲ್ಲಿಂದ ಅಷ್ಟೇ ಮಂದಿ ಇಲ್ಲಿಗೆ ಬರಬೇಕು. ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಬಂದವರ ಜೊತೆ ನೀಲಗಿರಿ ಹೌಸ್ ಎಂಬ ನಮ್ಮ ಹಾಸ್ಟೆಲಿನಲ್ಲಿ ಉಳಿದೆ. ಮಲೆನಾಡಿನ ಜುಲೈ ಮಳೆ, ಒಣಗದ ಚಡ್ಡಿ, ಮೂರು ಹೊತ್ತೂ ಅನ್ನದ ವಾಸನೆಯ ಮೆಸ್ಸು. ಚಪಾತಿ ಇಲ್ಲವೆಂದು ಆ ಹುಡುಗರು ಅತ್ತದ್ದನ್ನು ಕಂಡಿದ್ದೇನೆ. ಅವರಿಗೆ ಅ ಆ ಇ ಈಯಿಂದ ಕನ್ನಡ ಕಲಿಸುವುದು ಮೇಷ್ಟ್ರ ಪಾಲಿಗೆ ಬಂದಿತ್ತು.

ಆ ತಿಂಗಳಲ್ಲೇ ಕ್ವಾರ್ಟರ್ಸ್ ಹಿಂದಿನ ಮರದಿಂದ ನಾವು ನಾಲ್ವರು ಬಲಿತ ಹಲಸಿನಕಾಯಿ ಇಳಿಸಿ, ಹಣ್ಣಾಗಲೆಂದು ಕಂಬಳಿ ಸುತ್ತಿ ಒಬ್ಬನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆವು. ಬೀಗ ಗಟ್ಟಿಯಾಗಿತ್ತು, ಆದರೆ ಹಲಸಿನ ಪರಿಮಳಕ್ಕೆ ಯಾವ ಬೀಗ? ರಾತ್ರಿ ಟಾರ್ಚು ಹಿಡಿದು ತಲೆ ಎಣಿಸಲು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು ಮೂಗೇರಿಸಿದರು. ಬೆತ್ತ ಬರುತ್ತದೆಂದು ಕಾದೆವು. ಅವರು ಕೇಳಿದ್ದು, "ಕೊಬ್ಬರಿ ಎಣ್ಣೆ ಯಾರ ಹತ್ರ ಇದೆಯೋ?"

ಪಂಚೆ ಎತ್ತಿ ಕಟ್ಟಿ, ಕೈಗೆ ಎಣ್ಣೆ ಸವರಿಕೊಂಡು ನೆಲದಲ್ಲೇ ಕೂತು ಹಣ್ಣು ಬಿಡಿಸಿದರು. ಹಿಂದಿ ಹುಡುಗರಿಗೆ ಹಲಸೆಂದರೆ ಮಸಾಲೆ ಹಾಕಿದ ಪಲ್ಯ; ಹಣ್ಣು ತಿನ್ನಬಹುದೆಂದರೆ ನಂಬಲಿಲ್ಲ. ಒಂದೊಂದು ತೊಳೆಗೂ ಒಂದೊಂದು ವಾಕ್ಯ ಹೇಳಬೇಕೆಂದು ಮೇಷ್ಟ್ರು ಹಟ ಹಿಡಿದರು. "ಇದು ಬಕ್ಕೆ. ಇದು ಬೀಜ. ನನಗೆ ಇನ್ನೊಂದು ತೊಳೆ ಬೇಕು." ಕೊನೆಯ ವಾಕ್ಯವನ್ನು ಆ ಹುಡುಗರು ಬೇಗ ಕಲಿತರು. ಶಿಕ್ಷೆ ಬೆಳಗ್ಗೆ ಬಂತು. ಸೀಮೆಎಣ್ಣೆಯಲ್ಲಿ ನೆಲದ ಮೇಣ ಉಜ್ಜಿದ ಮೇಲೆ ಹಿಂದಿ ಹುಡುಗರು ಹಲಸಿನ ಬಗ್ಗೆ ಒಂದು ಪುಟ ಕನ್ನಡದಲ್ಲಿ, ನಾವು ಹಿಂದಿಯಲ್ಲಿ ಬರೆಯಬೇಕು. ಯಾರಿಗೆ ಯಾರು ಹೇಳಿಕೊಟ್ಟರೆಂದು ಮೇಷ್ಟ್ರು ಕೇಳಲಿಲ್ಲ. ಮುಂದೆ ಬ್ಯಾಂಕಿನ ಕೆಲಸದ ಮೇಲೆ ಲಖನೌದಲ್ಲಿದ್ದಾಗ ನನ್ನ ಹಿಂದಿ ಕೇಳಿ ಯಾವ ಗ್ರಾಹಕನೂ "ಮದ್ರಾಸಿಯಾ?" ಎನ್ನಲಿಲ್ಲ.

ಈಗ ಐದನೇ ತರಗತಿಯ ಕೂಸುಗಳನ್ನು ನವೋದಯದ ಪರೀಕ್ಷೆಗೆಂದೇ ಕೋಚಿಂಗಿಗೆ ಹಾಕುತ್ತಾರೆ. ಸೀಟು ಸಿಕ್ಕಿದ ಮೇಲೆ ಮೈಗ್ರೇಷನ್ನಿಗೆ ಕಳಿಸಲು ಹೆತ್ತವರೇ ಒಪ್ಪುವುದಿಲ್ಲವಂತೆ. ಬೋರ್ಡು ಪರೀಕ್ಷೆಗೆ ತೊಂದರೆಯಂತೆ. ಇರಬಹುದು, ಆದರೂ ನನಗೆ ಹೊಟ್ಟೆ ಉರಿಯುತ್ತದೆ.

ಮೇಷ್ಟ್ರ ಹೆಸರಿನಲ್ಲಿ ಶಾಲೆಯ ಗ್ರಂಥಾಲಯಕ್ಕೆ ಒಂದು ಕಪಾಟು ಕನ್ನಡ ಪುಸ್ತಕ ಕೊಡಬೇಕೆಂದು ಗುಂಪಿನಲ್ಲಿ ತೀರ್ಮಾನವಾಗಿದೆ. ಪಟ್ಟಿ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ, ನನ್ನ ಪಾಲಿನ ಹಣವೂ ಸಂದಾಯವಾಗಿದೆ. ಉಳಿದವರು ಡಿಸೆಂಬರಿನ ಸಭೆಯೊಳಗೆ ಕೊಟ್ಟುಬಿಡಿ.