ಕರ್ನಲ್ ಲಾಗ್: ಎರರ್ ರಿಟರ್ನ್ ಸರಿಮಾಡಿದ ವಾರ

ಈ ವಾರ ಹೊಸ ಫೀಚರ್ ಒಂದನ್ನೂ ಬರೆದಿಲ್ಲ. ನನ್ನ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಪುಟ್ಟ ಕರ್ನಲ್‌ನಲ್ಲಿ ಯಾವ ಫಂಕ್ಷನ್ ಎರರನ್ನು ಹೇಗೆ ಹಿಂದಿರುಗಿಸುತ್ತದೆ ಅಂತ ನೋಡುವುದರಲ್ಲೇ ದಿನಗಳು ಹೋದವು. ಆದರೂ ಇಷ್ಟು ಖುಷಿ ಕೊಟ್ಟ ಕೆಲಸ ಇತ್ತೀಚೆಗೆ ಇನ್ನೊಂದಿಲ್ಲ.

ಶುರುವಾಗಿದ್ದು ಪ್ರೋಗ್ರಾಂ ಲೋಡರ್‌ನಿಂದ. ಮೆಮೊರಿ ಕಡಿಮೆ ಇದ್ದಾಗ ಮಾತ್ರ ಅದು 12 ಬೈಟ್ ಓದಿ, ಹೆಡರ್ ಕೆಟ್ಟಿದೆ ಅನ್ನುತ್ತಿತ್ತು. ಪ್ರತಿ ಸಲವೂ 12. ಡಿಸ್ಕ್ ಡ್ರೈವರ್ ಮೇಲೆ ಅನುಮಾನಪಟ್ಟು ಎರಡು ರಾತ್ರಿ ಕಳೆದೆ. ಆಮೇಲೆ ಹೊಳೆಯಿತು: 12 ಅಂದರೆ 'ಈನೋಮೆಮ್', ಮೆಮೊರಿ ಸಿಗಲಿಲ್ಲ ಅನ್ನುವ ಎರರ್ ನಂಬರ್! ರೀಡ್ ಫಂಕ್ಷನ್ ಅದನ್ನು ಪಾಸಿಟಿವ್ ಆಗಿಯೇ ಕೊಡುತ್ತಿತ್ತು, ಲೋಡರ್ ಅದನ್ನು ಬೈಟ್‌ಗಳ ಲೆಕ್ಕ ಅಂದುಕೊಳ್ಳುತ್ತಿತ್ತು.

ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಒಳಗೆ ಎರರ್ ನಂಬರ್‌ಗಳು ಸಾಮಾನ್ಯವಾಗಿ ಪಾಸಿಟಿವ್. ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ರೀಡ್‌ನ ರಿಟರ್ನ್ ಬರೀ ಎರರ್‌ಗೆ ಮೀಸಲು, ಇನ್ನೆಷ್ಟು ಬೈಟ್ ಬಾಕಿ ಅನ್ನುವುದು ಬೇರೆ ಸ್ಟ್ರಕ್ಚರ್‌ನಲ್ಲಿ, ಅಂದರೆ ಮಾಹಿತಿಯ ಕಟ್ಟಿನಲ್ಲಿ, ಇರುತ್ತದೆ. ಲಿನಕ್ಸ್‌ನಲ್ಲಿ ಒಂದೇ ಸಂಖ್ಯೆ ಎರಡೂ ಕೆಲಸ ಮಾಡುತ್ತದೆ, ನೆಗೆಟಿವ್ ಆದರೆ ಎರರ್. ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಈಗ ಎಲ್ಲ ಕಡೆ ಲಿನಕ್ಸ್ ಪದ್ಧತಿ. ಸೈನ್ ಇಲ್ಲದ, ಅಂದರೆ ನೆಗೆಟಿವ್ ಸಂಖ್ಯೆ ಹಿಡಿಯದ, ವೇರಿಯಬಲ್‌ಗಳನ್ನೂ ಹುಡುಕಿ ತೆಗೆದೆ. ಮೈನಸ್ 12 ಅಲ್ಲಿ ದೊಡ್ಡ ಸಂಖ್ಯೆಯಾಗಿಬಿಡುತ್ತದೆ, 'ಸೊನ್ನೆಗಿಂತ ಕಡಿಮೆಯಾ' ಅನ್ನುವ ಚೆಕ್ ಯಾವತ್ತೂ ನಿಜ ಆಗುವುದಿಲ್ಲ.

ಪಾಯಿಂಟರ್, ಅಂದರೆ ಮೆಮೊರಿ ಅಡ್ರೆಸ್, ಕೊಡುವ ಫಂಕ್ಷನ್‌ಗಳದ್ದು ಬೇರೆಯೇ ಕತೆ. ನಲ್ (ಖಾಲಿ ಪಾಯಿಂಟರ್) ಕೊಟ್ಟರೆ ಕೆಲಸ ಆಗಲಿಲ್ಲ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಲಿನಕ್ಸ್ ಇದಕ್ಕೆ ಮಾಡಿರುವ ಉಪಾಯ ನನಗೆ ತುಂಬಾ ಇಷ್ಟ: ಅಡ್ರೆಸ್‌ಗಳ ಕಟ್ಟಕಡೆಯ 4095 ಬೆಲೆಗಳಲ್ಲಿ ನಿಜವಾದ ವಸ್ತು ಇರುವುದಿಲ್ಲ, ಅಲ್ಲಿಗೆ ಎರರ್ ನಂಬರ್ ಕೂರಿಸುತ್ತಾರೆ. ಅದನ್ನೇ ನನ್ನ ಫೈಲ್ ಹುಡುಕುವ ಕೋಡ್‌ಗೂ ತಂದೆ. ಮರುದಿನವೇ ಪೇಜ್ ಫಾಲ್ಟ್ (ಮುಟ್ಟಬಾರದ ಅಡ್ರೆಸ್ ಮುಟ್ಟಿದಾಗ ಬರುವ ದೋಷ), ಅಡ್ರೆಸ್ 14! ಇಷ್ಟು ಚಿಕ್ಕ ಅಡ್ರೆಸ್ ಅಂದರೆ ನಲ್ ಪಾಯಿಂಟರ್ ಇರಬೇಕು ಅಂತ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಆದರೆ ನನ್ನ ಸ್ಟ್ರಕ್ಚರ್‌ನಲ್ಲಿ 14ರ ಜಾಗದಲ್ಲಿ ಯಾವ ಫೀಲ್ಡೂ ಇಲ್ಲ, 16ರಲ್ಲಿ ಇದೆ. ಫೈಲ್ ಇಲ್ಲ ಅನ್ನುವ ಎರರ್ ಮೈನಸ್ 2. ಅದಕ್ಕೆ 16 ಕೂಡಿಸಿದರೆ 14. ಆ ಫಂಕ್ಷನ್ ಕರೆಯುವ ಒಂದು ಹಳೇ ಕೋಡ್ ಇನ್ನೂ ನಲ್ ಒಂದನ್ನೇ ಚೆಕ್ ಮಾಡಿ, ಎರರನ್ನು ನಿಜವಾದ ಅಡ್ರೆಸ್ ಅಂದುಕೊಳ್ಳುತ್ತಿತ್ತು. ಅದಕ್ಕೇ ಈಗ ನಿಯಮ ಮಾಡಿಕೊಂಡಿದ್ದೇನೆ: ಕೆಲಸ ಆಗದಿದ್ದರೆ ಒಂದು ಫಂಕ್ಷನ್ ನಲ್ ಕೊಡಬೇಕು, ಇಲ್ಲವೇ ಎರರ್ ಪಾಯಿಂಟರ್ ಕೊಡಬೇಕು. ಎರಡನ್ನೂ ಕೊಡುವ ಹಾಗಿಲ್ಲ.

ಹೆಸರುಗಳನ್ನೂ ತಿದ್ದಿದೆ. 'ಪೇಜ್ ಸೇರಿಸು' ಅನ್ನುವಂಥ ಕೆಲಸದ ಹೆಸರಿದ್ದರೆ ಸೊನ್ನೆ ಅಂದರೆ ಯಶಸ್ಸು. 'ಪೇಜ್ ಇದೆಯಾ' ಅನ್ನುವಂಥ ಪ್ರಶ್ನೆಯಾದರೆ ಸೊನ್ನೆ ಅಂದರೆ ಇಲ್ಲ. ಇದೂ ಲಿನಕ್ಸ್ ಕೋಡಿಂಗ್ ಸ್ಟೈಲ್‌ನಲ್ಲೇ ಇದೆ. ಸುಮ್ನೆ ಓದಿದಾಗ ಚಿಕ್ಕ ವಿಷಯ ಅನ್ನಿಸುತ್ತೆ, ಅಲ್ವಾ? ಇಫ್ ಒಳಗೆ ಇವೆರಡು ಅದಲುಬದಲಾದರೆ ಕೋಡ್ ಸರಿಯಾಗಿಯೇ ಕಾಣುತ್ತದೆ, ಕೆಲಸ ಮಾತ್ರ ತಲೆಕೆಳಗು.

ಕೊನೆಗೆ, ರಿಟರ್ನ್ ನೋಡದೆ ಬಿಟ್ಟರೆ ಕಂಪೈಲರ್ ಎಚ್ಚರಿಸುವ ಆಟ್ರಿಬ್ಯೂಟ್ ಹಾಕಿದೆ. ಹೆಚ್ಚಿನ ವಾರ್ನಿಂಗ್‌ಗಳು ಒಂದೇ ಸಂಜೆಯಲ್ಲಿ ಮುಗಿದವು. ಉಳಿದ ಮೂರೂ ಫೈಲ್‌ಸಿಸ್ಟಮ್‌ನ ಬ್ಲಾಕ್ ರೈಟ್‌ನಲ್ಲಿವೆ. ಅಲ್ಲಿ ಎರರ್ ಕಳೆದುಹೋದರೆ ಫೈಲ್ ಸೇವ್ ಆಯಿತು ಅಂತಲೇ ಬಳಸುವವರು ನಂಬುತ್ತಾರೆ. ಅದನ್ನು ಮುಗಿಸಿದ ಮೇಲೆಯೇ, ಯಾವ ಪ್ರೋಗ್ರಾಂ ಯಾವಾಗ ಓಡಬೇಕು ಅಂತ ನಿರ್ಧರಿಸುವ ಶೆಡ್ಯೂಲರ್‌ಗೆ ಕೈ ಹಾಕುವುದು.