ಬೋರೆ ಗಿಡದಲ್ಲಿ ಸಿಕ್ಕ ನನ್ನ 'ಹೊಸ' ಚಿಟ್ಟೆ

ಕಳೆದ ಅಕ್ಟೋಬರಿನಲ್ಲಿ ಮೂರು ದಿನದ ಮಟ್ಟಿಗೆ ನಾನೂ ಒಂದು ಹೊಸ ಚಿಟ್ಟೆ ಕಂಡುಹಿಡಿದಿದ್ದೆ. ಶಿರಸಿ ಹತ್ತಿರದ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ಬೋರೆ ಗಿಡದ ಮೇಲೆ. ತಿಳಿ ಹಳದಿ ರೆಕ್ಕೆ, ಅದರ ಮೇಲೆ ಕೆಂಪು ಪಟ್ಟೆ, ಪಟ್ಟೆಯ ನಡುವೆ ಬೆಳ್ಳಿ ಗೆರೆ, ಹಿಂದೆ ಎರಡು ಪುಟ್ಟ ಬಾಲ. ಫೋಟೋ ತೆಗೆದು ಚಿಟ್ಟೆ ಬಲ್ಲ ಗೆಳೆಯನಿಗೆ ಕಳಿಸಿ, ಹೆಸರು ಏನಿಡೋದು ಅಂತ ಆಗಲೇ ಯೋಚನೆ ಶುರು ಮಾಡಿದ್ದೆ, ನಗಬೇಡಿ.

ನಾಲ್ಕನೇ ದಿನ ಉತ್ತರ ಬಂತು. "ಮಾರಾಯಾ, ಇದು ಕಾಮನ್ ಸಿಲ್ವರ್‌ಲೈನ್. ಹೆಸರಲ್ಲೇ ಕಾಮನ್ ಇದೆ." 1775ರಲ್ಲೇ ಫ್ಯಾಬ್ರಿಸಿಯಸ್ ಎಂಬ ಕೀಟವಿಜ್ಞಾನಿ ಇದಕ್ಕೆ ಹೆಸರಿಟ್ಟಾಗಿದೆ. ನಾನು ಬರೀ 250 ವರ್ಷ ತಡ.

ಆದರೆ ನನ್ನ ಆಸೆ ಪೂರ್ತಿ ಹುಚ್ಚೂ ಅಲ್ಲ. ಇದೇ ಸಿಲ್ವರ್‌ಲೈನ್ ಕುಲದ ಹೊಸ ಚಿಟ್ಟೆಯೊಂದನ್ನು ತಮಿಳುನಾಡಿನ ಮೇಘಮಲೈ ಕಡೆಯ ಮೋಡ ಮುಸುಕುವ ಶೋಲಾ ಕಾಡಿನಿಂದ 2023ರಲ್ಲಿ ವರ್ಣಿಸಿದರು, ಅಂದರೆ ಲಕ್ಷಣ ಬರೆದು ಹೆಸರಿಟ್ಟರು. ಸಿಗರೈಟಿಸ್ ಮೇಘಮಲೈಯೆನ್ಸಿಸ್. ಪಶ್ಚಿಮ ಘಟ್ಟಕ್ಕೆ ಹೊಸ ಚಿಟ್ಟೆ ಸೇರಿದ್ದು 33 ವರ್ಷದ ನಂತರ ಅಂತೆ.

ನೋಡಿದ್ದು ಬೇರೆ, ವರ್ಣಿಸುವುದು ಬೇರೆ. ಹತ್ತಿರದ ಬಂಧುಗಳನ್ನೆಲ್ಲ ಪಕ್ಕದಲ್ಲಿಟ್ಟು ಯಾವ ಪಟ್ಟೆ ಎಲ್ಲಿ ಕೂಡುತ್ತದೆ, ಎಲ್ಲಿ ತುಂಡಾಗುತ್ತದೆ ಅಂತ ನೋಡಬೇಕು. ಪಟ್ಟೆಯನ್ನಷ್ಟೇ ನಂಬುವ ಹಾಗಿಲ್ಲ, ಮಳೆಗಾಲಕ್ಕೊಂದು ಬೇಸಿಗೆಗೊಂದು ಬಣ್ಣ ತೋರಿಸುವ ಚಿಟ್ಟೆಗಳಿವೆ, ಅದಕ್ಕೇ ಗಂಡಿನ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ಹೋಲಿಸುತ್ತಾರೆ. ಕೊನೆಗೆ ಒಂದೇ ಒಂದು ಚಿಟ್ಟೆಯನ್ನು ಹೋಲೋಟೈಪ್ ಅಂತ ಆರಿಸಿ ಹೆಸರನ್ನು ಅದಕ್ಕೆ ಕಟ್ಟುತ್ತಾರೆ. ಮುಂದೆ ಜಗಳ ಬಂದರೆ ಆ ಒಂದೇ ಸಾಕ್ಷಿ.

ಚಿಟ್ಟೆಯಾಗುವ ಮೊದಲಿನ ಹುಳ ಸಾಕಿ ನೋಡಿದರೆ ಇನ್ನೂ ಜಾಸ್ತಿ ತಿಳಿಯುತ್ತದೆ. ಈ ಕೆಲಸದಲ್ಲಿ ನಮ್ಮ ಜಿಲ್ಲೆ ಯಾರಿಗೂ ಕಮ್ಮಿ ಇಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್, ಡೇವಿಡ್ಸನ್ ಮತ್ತು ಐಟ್ಕೆನ್ ಜೊತೆ ಸೇರಿ ಹುಳ ಸಾಕಿ, 1896ರಿಂದಲೇ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಸರಣಿಯಾಗಿ ಬರೆದರು. ಬೆಲ್ ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ, 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು.

ಅದನ್ನು ಓದಿದ ಮೇಲೆ ನಾನೂ ಬೋರೆ ಗಿಡದ ಬುಡದಲ್ಲಿ ಹೋಗಿ ಕೂತೆ. ನೂಲಿನಿಂದ ಹೊಲಿದ ಹಾಗೆ ಎರಡು ಎಲೆ ಅಂಟಿದ್ದವು. ಕಡ್ಡಿಯಿಂದ ಮೆಲ್ಲಗೆ ಬಿಡಿಸಿದರೆ ಒಳಗೊಂದು ಚಪ್ಪಟೆ ಹುಳ, ಸುತ್ತ ನಾಲ್ಕೈದು ಇರುವೆ. ಒಂದು ಇರುವೆ ಮೀಸೆಯಿಂದ ಹುಳದ ಬೆನ್ನನ್ನು ತಟ್ಟಿತು, ತಟ್ಟಿತು, ಆಮೇಲೆ ಸಾಸಿವೆಗಿಂತ ಸಣ್ಣ ಹನಿಯೊಂದು ಅಲ್ಲಿ ಕಾಣಿಸಿತು, ಕಂಡಿದ್ದೇ ತಡ ನೆಕ್ಕಿಯೂ ಆಯಿತು. ಉಳಿದವು ಹೊಟ್ಟೆಯನ್ನು ಬೆನ್ನ ಮೇಲೆ ಎತ್ತಿಕೊಂಡು ನನ್ನ ಕಡೆ ಬಂದವು. ಹುಳಕ್ಕೆ ಕಾವಲು, ಇರುವೆಗೆ ಸಿಹಿ. ಕಾವಲು ಎಷ್ಟು ಗಟ್ಟಿ ಅಂತ ನನ್ನ ಹೆಬ್ಬೆರಳಿಗೆ ಗೊತ್ತು.

"ಇರುವೆ ಕಚ್ಚಿಸ್ಕಳಡ ತಮಾ" ಅಂತ ಆಯಿ ತೋಟದಿಂದಲೇ ಕೂಗಿದಳು. ಆಗಲೇ ತಡವಾಗಿತ್ತು.

ಬೆಟ್ಟ ಸವರುವಾಗ ಆ ಗಿಡ ಒಂದನ್ನು ಬಿಡಿ ಅಂತ ಅಪ್ಪಯ್ಯನಿಗೆ ಹೇಳಿಟ್ಟಿದ್ದೇನೆ. "ಆ ಮುಳ್ಳಿಗೆ, ಆ ಇರುವೆಗೆ ಯಾರು ಕೈ ಹಾಕ್ತಾರೆ" ಅಂದರು.